ಹಗ್ಗದ ಮೇಲಿನ ಕಂಬಳಿ

ಪ್ರಣಯದ ಹಾಸ್ಯಚಿತ್ರಕ್ಕೆ ಬಂದವರಿಗೆ ನಾಯಕ ನಾಯಕಿ ಕೊನೆಗೆ ಒಂದಾಗುತ್ತಾರೆಂಬುದು ಟಿಕೆಟ್ ಕೊಳ್ಳುವಾಗಲೇ ಗೊತ್ತು. ಆದರೂ ಎದ್ದು ಹೋಗದಂತೆ ಕೂರಿಸುವುದು ಹೇಗೆ? ಫ್ರಾಂಕ್ ಕಾಪ್ರಾ ನಿರ್ದೇಶನದ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಅದರ ಗುಟ್ಟನ್ನು ಬಿಟ್ಟುಕೊಡುತ್ತದೆ.

ಅಪ್ಪ ಒಪ್ಪದವನನ್ನು ಗುಟ್ಟಾಗಿ ಮದುವೆಯಾದ ಸಿರಿವಂತರ ಮಗಳು, ಅಪ್ಪನ ನೌಕೆಯಿಂದ ನೀರಿಗೆ ಹಾರಿ ನ್ಯೂಯಾರ್ಕಿನ ಬಸ್ ಹತ್ತುತ್ತಾಳೆ. ಜೊತೆಯಾಗುವವನು ಕೆಲಸ ಕಳೆದುಕೊಂಡ ಪತ್ರಕರ್ತ. ಅವನಿಗೆ ಬೇಕಾದದ್ದು ಸುದ್ದಿ, ಅವಳಿಗೆ ದಾರಿಯ ನೆರವು. ಪ್ರೀತಿ ಇಬ್ಬರ ಲೆಕ್ಕದಲ್ಲೂ ಇಲ್ಲ.

ರಾತ್ರಿ ತಂಗಿದ ಕೋಣೆಯಲ್ಲಿ ಆತ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾನೆ. ಬೈಬಲಿನಲ್ಲಿ ಕಹಳೆಯ ಸದ್ದಿಗೆ ಕುಸಿದ ಜೆರಿಕೋ ಗೋಡೆಯ ಹೆಸರನ್ನೇ ಅದಕ್ಕೂ ಇಡುತ್ತಾನೆ. ಕಥೆಗೆ ನಿಜವಾದ ಅಡ್ಡಿ ಅಪ್ಪನಲ್ಲ, ಗಂಡನೂ ಅಲ್ಲ. ಈ ಕಂಬಳಿ, ಅಂದರೆ ಇಬ್ಬರ ಬಿಗುಮಾನ. ಹೆಬ್ಬೆರಳು ತೋರಿಸಿ ಒಂದು ಕಾರನ್ನೂ ನಿಲ್ಲಿಸಲಾಗದೆ ಅವನ ಜಂಬ ಇಳಿಯುತ್ತದೆ. ಹೊಲದ ಹಸಿ ಕ್ಯಾರೆಟ್ ಕಡಿಯುವಾಗ ಅವಳದು.

ಮುಂದೆ ಅಗಲಿಕೆ. ಮದುವೆಯ ಮಾತೆತ್ತುವ ಮೊದಲು ಕೈಯಲ್ಲಿ ಕಾಸಿರಲೆಂದು ಅವನು ರಾತ್ರೋರಾತ್ರಿ ಹೊರಡುತ್ತಾನೆ. ಕೈಬಿಟ್ಟು ಹೋದನೆಂದು ಅವಳು ತಿಳಿಯುತ್ತಾಳೆ. ಹಳಸಲು ತಂತ್ರ ಎನ್ನಬೇಡಿ. ಬರಿಗೈಯಲ್ಲಿ ಕೇಳಲಾರದ ಅದೇ ಬಿಗುಮಾನವಲ್ಲವೇ ಇದಕ್ಕೆ ಕಾರಣ? ಹತ್ತು ಸಾವಿರ ಡಾಲರ್ ಇನಾಮು ಬಿಟ್ಟು, ಖರ್ಚಾದ 39 ಡಾಲರ್ 60 ಸೆಂಟ್ ಮಾತ್ರ ಆತ ಕೇಳಿದಾಗ ಅಪ್ಪನ ಮನಸ್ಸೇ ತಿರುಗುತ್ತದೆ. ಮಗಳನ್ನು ಕೂಡಿಹಾಕಿದ್ದವನೇ, ಅವಳ ಅದ್ದೂರಿ ಮರುಮದುವೆಯ ದಿನ, ಓಡಿಹೋಗೆಂದು ಕಿವಿಯಲ್ಲಿ ಉಸುರುತ್ತಾನೆ.

ಇದೇ ಕಥೆ ಹಿಂದಿಯಲ್ಲಿ ‘ಚೋರಿ ಚೋರಿ’ (1956), ‘ದಿಲ್ ಹೈ ಕೆ ಮಾನ್‌ತಾ ನಹೀಂ’ (1991) ಆಗಿ, ಕನ್ನಡಕ್ಕೂ ‘ಹುಡುಗಾಟ’ (2007) ಆಗಿ ಬಂತು.

ಮೂಲ ಚಿತ್ರದ ಕೊನೆಯಲ್ಲಿ ಜೋಡಿ ನಮಗೆ ಕಾಣುವುದೇ ಇಲ್ಲ. ಕಹಳೆ ಕೇಳುತ್ತದೆ, ಕಂಬಳಿ ಬೀಳುತ್ತದೆ.