ಗ್ರಹೀಯ ನೀಹಾರಿಕೆಗಳು ಹಿಗ್ಗುವ ಬಗೆ

ಸೂರ್ಯನಷ್ಟು ದ್ರವ್ಯರಾಶಿಯ ನಕ್ಷತ್ರಗಳಿಂದ ಹಿಡಿದು ಅದರ ಸುಮಾರು ಎಂಟು ಪಟ್ಟಿನವರೆಗಿನ ನಕ್ಷತ್ರಗಳು ತಮ್ಮ ಆಯುಷ್ಯದ ಕೊನೆಗೆ ಕೆಂಪು ದೈತ್ಯಗಳಾಗಿ ಉಬ್ಬಿ, ಹೊರಪದರಗಳನ್ನು ಸೆಕೆಂಡಿಗೆ ಹತ್ತು ಹದಿನೈದು ಕಿಲೋಮೀಟರ್ ವೇಗದ ಮಾರುತವಾಗಿ ಹೊರಚೆಲ್ಲುತ್ತವೆ. ಹೀಗೆ ಬೆತ್ತಲಾದ ತಿರುಳಿನ ತಾಪ ಸುಮಾರು 30,000 ಕೆಲ್ವಿನ್ ಮುಟ್ಟುವ ಹೊತ್ತಿಗೆ ಅದರ ನೇರಳಾತೀತ ಕಿರಣಗಳು ಸುತ್ತಲಿನ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು, ಅಂದರೆ ಅನಿಲವನ್ನು ಅಯಾನೀಕರಿಸಿ, ಅದು ಹೊಳೆಯುವಂತೆ ಮಾಡುತ್ತವೆ. ಈ ಹೊಳೆಯುವ ಹೊದಿಕೆಯೇ ಗ್ರಹೀಯ ನೀಹಾರಿಕೆ.

ಅದು ಒಮ್ಮೆ ಸಿಡಿದು ಅದೇ ವೇಗದಲ್ಲಿ ಚದುರುತ್ತ ಹೋಗುವ ಅನಿಲವಲ್ಲ. ಬಿಸಿಯಾದ ತಿರುಳು ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ವೇಗದ, ಆದರೆ ಬಹು ವಿರಳವಾದ ಎರಡನೆಯ ಮಾರುತವನ್ನು ಬೀಸುತ್ತದೆ. ಗದ್ದೆ ಸಮಮಾಡುವ ಹಲಗೆಯ ಮುಂದೆ ಕೆಸರು ರಾಶಿಯಾಗುವಂತೆ ಇದರ ಒತ್ತಡಕ್ಕೆ ಹಳೆಯ ಅನಿಲವೆಲ್ಲ ಗುಡ್ಡೆಯಾಗಿ ದಟ್ಟ ಚಿಪ್ಪಾಗುತ್ತದೆಂದು ಖಗೋಳವಿಜ್ಞಾನಿ ಸನ್ ಕ್ವಾಕ್ ಮತ್ತು ಸಹೋದ್ಯೋಗಿಗಳು 1978ರಲ್ಲಿ ವಿವರಿಸಿದರು. ಇದರ ಜೊತೆಗೆ, ಸುಮಾರು 10,000 ಕೆಲ್ವಿನ್‌ಗೆ ಕಾದ ಅಯಾನೀಕೃತ ಅನಿಲದ ಸ್ವಂತ ಒತ್ತಡವೂ ಅದನ್ನು ಹೊರಕ್ಕೆ ದೂಡುವುದರಿಂದ, ಹಿಗ್ಗುವಿಕೆಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 20-30 ಕಿಲೋಮೀಟರಿಗೆ ಏರುತ್ತದೆ.

ಈ ವೇಗವನ್ನು ತಿಳಿಸುವುದು ಡಾಪ್ಲರ್ ಪರಿಣಾಮ: ಚಿಪ್ಪಿನ ಈಚೆಯ ಮೈ ಭೂಮಿಯತ್ತ ಬರುತ್ತಿದ್ದು ಆಚೆಯ ಮೈ ದೂರ ಸರಿಯುತ್ತಿರುವುದರಿಂದ ಅವುಗಳ ಬೆಳಕಿನ ತರಂಗಾಂತರ ವಿರುದ್ಧ ದಿಕ್ಕುಗಳಿಗೆ ಸರಿದು, ರೋಹಿತದ ಪ್ರತಿ ರೇಖೆಯೂ ಎರಡಾಗಿ ಸೀಳುತ್ತದೆ. ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳಿಂದ ಆಕಾಶದಲ್ಲಿ ನೀಹಾರಿಕೆಯ ಕೋನೀಯ ಗಾತ್ರ ಎಷ್ಟು ಬೆಳೆದಿದೆಯೆಂದು ಅಳೆದು, ಈ ವೇಗದೊಂದಿಗೆ ಹೋಲಿಸಿದರೆ ಅದರ ದೂರ ದೊರೆಯುತ್ತದೆ. ಹಬಲ್ ದೂರದರ್ಶಕ 1994 ಮತ್ತು 1997ರಲ್ಲಿ ತೆಗೆದ ಚಿತ್ರಗಳ ಆಧಾರದಿಂದ, ಡ್ರೇಕೊ ಪುಂಜದ ಕ್ಯಾಟ್ಸ್ ಐ ನೀಹಾರಿಕೆ ಸುಮಾರು 3,300 ಜ್ಯೋತಿರ್ವರ್ಷ ದೂರದಲ್ಲಿದೆಯೆಂದೂ ಅದರ ಒಳಚಿಪ್ಪಿನ ವಯಸ್ಸು ಹೆಚ್ಚುಕಡಿಮೆ ಸಾವಿರ ವರ್ಷವೆಂದೂ ಲೆಕ್ಕಹಾಕಲಾಯಿತು.

ಆದರೆ ಚಿತ್ರದಲ್ಲಿ ಕಾಣುವ ಪ್ರಕಾಶಮಾನ ಅಂಚು ಬಹಳಷ್ಟು ಸಲ ಆಘಾತ ತರಂಗದ ಅಥವಾ ಅಯಾನೀಕರಣದ ಮುಂಚೂಣಿಯಾಗಿದ್ದು, ಹೊಸ ಹೊಸ ಅನಿಲವನ್ನು ಒಳಗೆ ಸೇರಿಸಿಕೊಳ್ಳುತ್ತ ತನ್ನ ಹಿಂದಿನ ಅನಿಲಕ್ಕಿಂತ ವೇಗವಾಗಿ ಮುನ್ನುಗ್ಗುತ್ತದೆ. ರೋಹಿತ ಅಳೆಯುವುದು ಅನಿಲದ ವೇಗವನ್ನು, ಚಿತ್ರ ಅಳೆಯುವುದು ಅಂಚಿನ ವೇಗವನ್ನು. ಇವೆರಡನ್ನೂ ಒಂದೆಂದು ಭಾವಿಸಿದರೆ ನೀಹಾರಿಕೆ ಇರುವುದಕ್ಕಿಂತ ಹತ್ತಿರದಲ್ಲಿದೆಯೆಂಬ ತಪ್ಪು ಉತ್ತರ ಬರುತ್ತದೆ. ವೇಗವೂ ಕಾಲಕಾಲಕ್ಕೆ ಬದಲಾಗಿರುವುದರಿಂದ, ತ್ರಿಜ್ಯವನ್ನು ಇಂದಿನ ವೇಗದಿಂದ ಭಾಗಿಸಿ ಪಡೆದ ವಯಸ್ಸು ಅಂದಾಜು ಮಾತ್ರ.

ತ್ರಿಜ್ಯ ಎರಡು ಪಟ್ಟಾದರೆ ಅದೇ ಅನಿಲ ಎಂಟು ಪಟ್ಟು ಜಾಗದಲ್ಲಿ ಹರಡಿಕೊಂಡು, ಬೆಳಕು ಹೊಮ್ಮಿಸುವ ಅಯಾನು ಮತ್ತು ಎಲೆಕ್ಟ್ರಾನುಗಳ ಭೇಟಿ ವಿರಳವಾಗುವುದರಿಂದ, ನೀಹಾರಿಕೆಯ ಬೆಳಕು ಬೇಗ ಕುಗ್ಗುತ್ತದೆ. ನಡುವಿನ ತಿರುಳೂ ತಣಿಯುತ್ತ ಶ್ವೇತಕುಬ್ಜವಾಗುತ್ತದೆ. ಹತ್ತಾರು ಸಾವಿರ ವರ್ಷಗಳಲ್ಲೇ ಈ ನೀಹಾರಿಕೆಗಳು ಕಣ್ಮರೆಯಾಗುವುದರಿಂದ, ಸಾವಿರಾರು ಕೋಟಿ ನಕ್ಷತ್ರಗಳಿರುವ ಆಕಾಶಗಂಗೆಯಲ್ಲಿ ಈವರೆಗೆ ಗುರುತಿಸಲಾದ ಗ್ರಹೀಯ ನೀಹಾರಿಕೆಗಳು ಕೆಲವೇ ಸಾವಿರ.