ವ್ಯಾಂಕೊಮೈಸಿನ್ನಿಗೆ ಮಣಿಯದ ಕರುಳಿನ ಜೀವಾಣು

ಮನುಷ್ಯನ ಕರುಳಿನಲ್ಲಿ ವಾಸಿಸುವ ಅಸಂಖ್ಯ ಜೀವಾಣುಗಳಲ್ಲಿ ಎಂಟೆರೊಕಾಕಸ್ ಒಂದು. ಸೂಕ್ಷ್ಮದರ್ಶಕದಲ್ಲಿ ಇದು ಮಣಿಗಳ ಗಿಡ್ಡ ಸರದಂತೆ ಕಾಣುತ್ತದೆ. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ಕೇಡಿಲ್ಲ. ಆದರೆ ಆಸ್ಪತ್ರೆಯಲ್ಲಿ ಬಹುದಿನ ಮಲಗಿ ಬಲಗುಂದಿದವರಲ್ಲಿ, ಶಸ್ತ್ರಕ್ರಿಯೆಯ ಗಾಯದ ಮೂಲಕವೋ ಮೂತ್ರನಾಳಕ್ಕೆ ಸೇರಿಸಿದ ಕೊಳವೆಯ ಮೂಲಕವೋ ಇದು ರಕ್ತವನ್ನು ಸೇರಿತೆಂದರೆ ಪ್ರಾಣಕ್ಕೇ ಸಂಚಕಾರ ಒದಗುತ್ತದೆ.

ಪೆನಿಸಿಲಿನ್ ಜಾತಿಯ ಔಷಧಗಳು ಸೋತಲ್ಲಿ ವೈದ್ಯರು ನೆಚ್ಚುತ್ತಿದ್ದುದು ವ್ಯಾಂಕೊಮೈಸಿನ್ನನ್ನು. ಬೋರ್ನಿಯೊ ದ್ವೀಪದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ದೊರೆತ ಈ ಔಷಧ ಅಮೆರಿಕದಲ್ಲಿ ೧೯೫೮ರಲ್ಲಿ ಬಳಕೆಗೆ ಬಂತು. ಮೂವತ್ತು ವರ್ಷಗಳ ತರುವಾಯ, ೧೯೮೮ರಲ್ಲಿ, ಇದಕ್ಕೆ ಮಣಿಯದ ಎಂಟೆರೊಕಾಕಸ್ ತಳಿಗಳ ವರದಿಗಳು ಇಂಗ್ಲೆಂಡ್, ಫ್ರಾನ್ಸ್ ದೇಶಗಳಿಂದ ಪ್ರಕಟವಾದವು.

ಇದರ ಗುಟ್ಟೇನು? ಜೀವಾಣುವು ತನ್ನ ಗೋಡೆಯನ್ನು ಕಟ್ಟುವ ಕ್ರಮವನ್ನು ನಾವು ನೋಡಬೇಕು. ಗೋಡೆಯ ಒಂದೊಂದು ಇಟ್ಟಿಗೆಗೂ ಅಮೈನೊ ಆಮ್ಲಗಳ ಚಿಕ್ಕ ಬಾಲವಿದೆ. ಬಾಲದ ತುದಿಯಲ್ಲಿ ಎರಡು ಅಲನಿನ್ ಘಟಕಗಳು. ವ್ಯಾಂಕೊಮೈಸಿನ್ ಈ ಜೋಡಿಯನ್ನೇ ಇಕ್ಕಳದಂತೆ ಹಿಡಿಯುತ್ತದೆ. ಆಗ ಇಟ್ಟಿಗೆಗಳು ಒಂದಕ್ಕೊಂದು ಬೆಸೆಯಲಾರವು. ಗೋಡೆ ಏಳುವುದಿಲ್ಲ, ಜೀವಾಣು ವೃದ್ಧಿಸುವುದಿಲ್ಲ. ಮಣಿಯದ ತಳಿಯಾದರೋ ಕೊನೆಯ ಅಲನಿನ್ನಿನ ಜಾಗದಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಸೇರಿಸಿಬಿಡುತ್ತದೆ. (ಮೊಸರಿನ ಹುಳಿಗೂ ಈ ಆಮ್ಲವೇ ಕಾರಣವಷ್ಟೆ.) ಇಷ್ಟರಿಂದಲೇ ಔಷಧದ ಹಿಡಿತ ಸುಮಾರು ಸಾವಿರ ಪಾಲು ಸಡಿಲವಾಗುತ್ತದೆ!

ಈ ಕೆಲಸಕ್ಕೆ ಒಂದು ಜೀನು ಸಾಲದು. ವ್ಯಾನ್-ಎ ಎಂಬ ಬಗೆಯಲ್ಲಿ ಐದು ಜೀನುಗಳು ಅತ್ಯಗತ್ಯ. ಒಂದರಿಂದಾದ ಪ್ರೋಟೀನು ಕಾವಲುಗಾರನಂತೆ ನಿಂತು ಔಷಧ ಬಂದುದನ್ನು ಅರಿಯುತ್ತದೆ. ಎರಡನೆಯದು ಉಳಿದವುಗಳನ್ನು ಎಬ್ಬಿಸುತ್ತದೆ. ಮೂರನೆಯದು ಲ್ಯಾಕ್ಟಿಕ್ ಆಮ್ಲವನ್ನು ಸಿದ್ಧಪಡಿಸಿದರೆ ನಾಲ್ಕನೆಯದು ಅದನ್ನು ಅಲನಿನ್ನಿಗೆ ಬೆಸೆಯುತ್ತದೆ. ಐದನೆಯದು ಹಳೆಯ ಮಾದರಿಯ ಅಲನಿನ್ ಜೋಡಿಗಳನ್ನು ಕತ್ತರಿಸಿಹಾಕುತ್ತದೆ. ಔಷಧವಿಲ್ಲದಾಗ ಏರ್ಪಾಡೆಲ್ಲ ನಿದ್ರಿಸುತ್ತಿರುತ್ತದೆ. ಮಿತವ್ಯಯದಲ್ಲಿ ಈ ಜೀವಾಣು ನಮ್ಮ ಅನೇಕ ಗೃಹಸ್ಥರನ್ನು ಮೀರಿಸುವಂತಿದೆ.

ವ್ಯಾನ್-ಬಿ ಬಗೆಯಲ್ಲಿಯೂ ಗೋಡೆಯ ಮಾರ್ಪಾಟು ಅದೇ. ಆದರೆ ಇದರ ಕಾವಲುಗಾರನಿಗೆ ವ್ಯಾಂಕೊಮೈಸಿನ್ನಿನ ಗುರುತು ಹತ್ತುತ್ತದೆಯೇ ಹೊರತು ಅದರ ದಾಯಾದಿಯಾದ ಟೈಕೊಪ್ಲಾನಿನ್ ಎಂಬ ಔಷಧದ ಗುರುತು ಹತ್ತುವುದಿಲ್ಲ. ಆದುದರಿಂದ ಟೈಕೊಪ್ಲಾನಿನ್ ಬಂದಾಗ ಜೀನುಗಳು ಏಳುವುದೇ ಇಲ್ಲ, ಔಷಧ ಗೆಲ್ಲುತ್ತದೆ. ಕಾವಲುಗಾರನ ಜೀನಿನಲ್ಲಿ ಸಣ್ಣ ವ್ಯತ್ಯಾಸ ತಲೆದೋರಿದರೆ ಈ ಅನುಕೂಲವೂ ತಪ್ಪಿಹೋಗಬಹುದು. ವ್ಯಾನ್-ಸಿ ಎಂಬುದು ಕೆಲವು ಪ್ರಭೇದಗಳ ಹುಟ್ಟುಗುಣ. ಅಲ್ಲಿ ಲ್ಯಾಕ್ಟಿಕ್ ಆಮ್ಲಕ್ಕೆ ಬದಲಾಗಿ ಸೆರಿನ್ ಸೇರುತ್ತದೆ, ನಿರೋಧವೂ ಅಲ್ಪ.

ಭಯಕ್ಕೆ ಹೆಚ್ಚು ಕಾರಣವಾದುದು ವ್ಯಾನ್-ಎ. ಇದರ ಜೀನುಗಳಿರುವ ಡಿ.ಎನ್.ಎ. ತುಣುಕು ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯಬಲ್ಲುದು. ಪ್ಲಾಸ್ಮಿಡ್ ಎಂಬ ಉಂಗುರವನ್ನೇರಿ ಜೀವಾಣುವಿನಿಂದ ಜೀವಾಣುವಿಗೆ ದಾಟಬಲ್ಲುದು. ೨೦೦೨ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದ ರೋಗಿಯೊಬ್ಬರಲ್ಲಿ, ಇನ್ನೂ ಉಗ್ರವಾದ ಸ್ಟಾಫಿಲೊಕಾಕಸ್ ಆರಿಯಸ್ಸಿನಲ್ಲಿಯೇ ಈ ಜೀನು ಕಂಡುಬಂತು. ಯೂರೋಪಿನಲ್ಲಿ ಕೋಳಿ ಹಂದಿಗಳು ಬೇಗ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದ ಅವೊಪಾರ್ಸಿನ್ ಎಂಬ ಸಂಬಂಧಿ ಔಷಧವೂ ಇಂತಹ ತಳಿಗಳನ್ನು ಪೋಷಿಸಿತು. ಡೆನ್ಮಾರ್ಕ್ ೧೯೯೫ರಲ್ಲಿಯೂ ಯೂರೋಪಿನ ಒಕ್ಕೂಟ ೧೯೯೭ರಲ್ಲಿಯೂ ಅದನ್ನು ನಿಷೇಧಿಸಿದವು.

ಹಾಗೆಂದು ಈ ಜೀನುಗಳನ್ನು ಆಸ್ಪತ್ರೆಯೇ ಸೃಷ್ಟಿಸಿತೆಂದು ನಾವು ಭಾವಿಸಲಾಗದು. ಕೆನಡಾದ ಯೂಕಾನ್ ಪ್ರಾಂತದಲ್ಲಿ ೩೦,೦೦೦ ವರ್ಷಗಳಷ್ಟು ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿ ವ್ಯಾನ್-ಎಯನ್ನು ಹೋಲುವ ಜೀನುಗಳು ದೊರೆತುದನ್ನು ವಿಜ್ಞಾನಿಗಳು ೨೦೧೧ರಲ್ಲಿ ಪ್ರಕಟಿಸಿದರು. ಇಂತಹ ಔಷಧಗಳನ್ನು ತಯಾರಿಸುವ ಮಣ್ಣಿನ ಜೀವಾಣುಗಳಿಗೆ, ತಮ್ಮ ವಿಷದಿಂದ ತಾವೇ ಸಾಯದಿರಲು, ಇವು ಬೇಕು.

ಇಂದು ಪ್ರಯೋಗಶಾಲೆಯಲ್ಲಿ ಜೀನಿನ ಬಗೆಯನ್ನು ಕೆಲವೇ ಗಂಟೆಗಳಲ್ಲಿ ಗುರುತಿಸಬಹುದು. ವ್ಯಾನ್-ಎ ಎಂದು ತಿಳಿದರೆ ಲಿನೆಜೊಲಿಡ್‌ನಂತಹ ಬೇರೊಂದು ಔಷಧವನ್ನು ಹುಡುಕಬೇಕು, ರೋಗಿಯನ್ನು ಪ್ರತ್ಯೇಕವಾಗಿರಿಸಬೇಕು; ವ್ಯಾನ್-ಸಿಗೆ ಅಷ್ಟು ಕಟ್ಟುನಿಟ್ಟು ಸಾಮಾನ್ಯವಾಗಿ ಬೇಕಾಗುವುದಿಲ್ಲ.