ಪತ್ತೇದಾರನಿಗೆ ಇಷ್ಟೊಂದು ಅದೃಷ್ಟವೇ?

ಕ್ಯಾಬಟ್ ಕೋವ್ ಅಮೆರಿಕದ ಮೇಯ್ನ್ ರಾಜ್ಯದ ಕಡಲತಡಿಯ ಊರು. ನಕಾಶೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. 'ಮರ್ಡರ್, ಶಿ ರೋಟ್' ಎಂಬ ಟೀವಿ ಧಾರಾವಾಹಿಗಾಗಿ ಹುಟ್ಟಿಸಿದ ಊರು ಅದು. ಜನಸಂಖ್ಯೆ ಸುಮಾರು ಮೂರೂವರೆ ಸಾವಿರ. 1984ರಿಂದ 1996ರವರೆಗೆ ನಡೆದ 264 ಕಂತುಗಳಲ್ಲಿ ಜೆಸಿಕಾ ಫ್ಲೆಚರ್ ಎಂಬ ಲೇಖಕಿ ಕಾಲಿಟ್ಟಲ್ಲೆಲ್ಲ ಹೆಣ ಬೀಳುತ್ತದೆ. ಅವಳ ಸ್ವಂತ ಊರಿನಲ್ಲೇ ಎಷ್ಟು ಕೊಲೆಗಳಾದವೆಂದರೆ, ಪುಟ್ಟ ಊರಿನಲ್ಲಿ ಮಿತಿಮೀರಿ ಕೊಲೆ ನಡೆಯುವ ಕಥೆಗಳಿಗೆಲ್ಲ 'ಕ್ಯಾಬಟ್ ಕೋವ್ ಸಿಂಡ್ರೋಮ್' ಎಂಬ ಹೆಸರೇ ಬಿತ್ತು. ಪ್ರತಿ ಕೊಲೆಯ ಆಸುಪಾಸಿನಲ್ಲೂ ತಪ್ಪದೆ ಇರುವ ಈ ಹೆಂಗಸಿನ ಮೇಲೆ ಪೊಲೀಸರಿಗೆ ಗುಮಾನಿ ಬರಬೇಕಿತ್ತು. ಒಮ್ಮೊಮ್ಮೆ ಬಂದರೂ ಹನ್ನೆರಡು ವರ್ಷವೂ ಅದು ನಿಲ್ಲಲಿಲ್ಲ.

ಇದೇ ಕಥೆಯನ್ನು ನಮ್ಮ ಕರಾವಳಿಯ ಅಂಕೋಲೆ ಪಕ್ಕದ ಕೇಣಿಗೆ ತಂದು ಕೂರಿಸಿದರೆ ಮೊದಲ ಕಂತಿನಲ್ಲೇ ಹರಿದುಹೋಗುತ್ತದೆ. ಟೀವಿಯ ಕೊಲೆಗಾರನಿಗೆ ನಿರ್ಜನ ಕಡಲತೀರ ಬೇಕು. ಮೀನುಗಾರರ ಊರಿನ ತೀರ ನಿರ್ಜನವಾಗಿರುವ ಹೊತ್ತು ಬಹಳ ಕಡಿಮೆ. ನಸುಕಿಗೇ ದೋಣಿಗಳು ಬರುತ್ತವೆ, ಬಲೆ ಬಿಡಿಸುವವರು ಕೂತಿರುತ್ತಾರೆ, ಬುಟ್ಟಿ ಹೊತ್ತ ಹೆಂಗಸರು ಕಾಯುತ್ತಿರುತ್ತಾರೆ. ಪರಸ್ಥಳದವನೊಬ್ಬ ಕಾರು ನಿಲ್ಲಿಸಿದರೆ ಯಾರ ಮನೆಗೆ ಬಂದ, ಯಾವಾಗ ಹೊರಟ ಎಂಬುದು ಮಧ್ಯಾಹ್ನದೊಳಗೆ ಕೇರಿಗೆಲ್ಲ ಗೊತ್ತು. ಇಲ್ಲಿ ಪತ್ತೇದಾರನಿಗೆ ಸಾಕ್ಷಿಗಳ ಬರ ಬೀಳುವುದಿಲ್ಲ. ಒಬ್ಬರಿಗೊಬ್ಬರು ತಾಳೆಯಾಗದ ಸಾಕ್ಷಿಗಳ ಕಾಟವೇ ಹೆಚ್ಚಾದೀತು.

ಸಮುದ್ರವೂ ಸಾಕ್ಷಿ ಹೇಳುತ್ತದೆ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನವೂ ಸುಮಾರು 50 ನಿಮಿಷ ತಡ. ಸೋಮವಾರ ಬೆಳಗಿನ ಐದಕ್ಕೆ ಭರತವಿದ್ದರೆ ಮುಂದಿನ ಸೋಮವಾರ ಅದೇ ಐದಕ್ಕೆ ನೀರು ಇಳಿದಿರುತ್ತದೆ. ವಾರದ ಅಂತರದ ಎರಡು ಘಟನೆಗಳಲ್ಲಿ ಒಂದೇ ಗಳಿಗೆಗೆ ಅದೇ ಬಂಡೆಗೆ ಅದೇ ಅಲೆ ಬಡಿಯುವುದನ್ನು ತೋರಿಸಿದರೆ, ಬಲೆ ಹಾಕುವವನೊಬ್ಬ ಅಲ್ಲೇ ನಕ್ಕುಬಿಡುತ್ತಾನೆ. ಜುಲೈ ತಿಂಗಳ ರಾತ್ರಿ ಖಳನಾಯಕ ಟ್ರಾಲ್ ಬೋಟುಗಳ ಸಾಲಿನಲ್ಲಿ ನುಸುಳಿ ಗೋವೆಗೆ ಪರಾರಿಯಾಗುವುದೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಲಂಗರು ಹಾಕಿರುವಾಗ ಓಡುವ ಒಂದೇ ಬೋಟು ಅಡಗುವುದಾದರೂ ಎಲ್ಲಿ?

ಇವು ಸ್ಥಳದ ತಪ್ಪುಗಳು. ತಿಳಿದವರನ್ನು ಕೇಳಿದರೆ ಸರಿಹೋಗುತ್ತವೆ. ಕಾಕತಾಳೀಯದ ಕಥೆ ಬೇರೆ.

ಪತ್ತೇದಾರಿ ಕಥೆ ಬರೆಯುತ್ತಿದ್ದ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಪ್ರಕಾರಕ್ಕೆ ಹತ್ತು ಕಟ್ಟಳೆ ಹಾಕಿದ. ಆಕಸ್ಮಿಕ ಪತ್ತೇದಾರನ ನೆರವಿಗೆ ಬರಕೂಡದು ಎಂಬುದು ಅವುಗಳಲ್ಲೊಂದು. ನಾಯಕ ಬಸ್ಸು ತಪ್ಪಿಸಿಕೊಂಡು ಕೊಲೆ ನಡೆದ ಲಾಡ್ಜಿನಲ್ಲೇ ಉಳಿಯಬೇಕಾಯಿತು ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಕಥೆ ಎಲ್ಲೋ ಒಂದು ಕಡೆ ಶುರುವಾಗಬೇಕಲ್ಲ. ಆದರೆ ಕೊನೆಯ ಕಂತಿನಲ್ಲಿ ಅದೇ ನಾಯಕ ಚಹಾದಂಗಡಿಯಲ್ಲಿ ಕೂತಿದ್ದಾಗ ಪಕ್ಕದ ಬೆಂಚಿನವನು ಫೋನಿನಲ್ಲಿ ಕೊಲೆಯ ಗುಟ್ಟು ಬಾಯಿಬಿಟ್ಟರೆ, ನೋಡುಗನಿಗೆ ಮೋಸವಾದಂತೆನಿಸುತ್ತದೆ. ಕಷ್ಟಕ್ಕೆ ಸಿಲುಕಿಸುವ ಆಕಸ್ಮಿಕವನ್ನು ಜನ ನಂಬುತ್ತಾರೆ, ಕಷ್ಟದಿಂದ ಎತ್ತುವುದನ್ನು ನಂಬುವುದಿಲ್ಲ.

ಹಾಗಿದ್ದೂ ಕೆಲವು ಭಾರೀ ತೂತುಗಳು ದಕ್ಕಿಬಿಡುತ್ತವೆ. ಕಾನನ್ ಡಾಯ್ಲ್ 1892ರಲ್ಲಿ ಪ್ರಕಟಿಸಿದ 'ದಿ ಸ್ಪೆಕಲ್ಡ್ ಬ್ಯಾಂಡ್' ಎಂಬ ಶೆರ್ಲಾಕ್ ಹೋಮ್ಸ್ ಕಥೆಯನ್ನೇ ನೋಡಿ. ಖಳನಾಯಕ ಭಾರತದ ವಿಷದ ಹಾವೊಂದನ್ನು ಸಾಕಿ, ಹಾಲಿನ ಆಸೆ ತೋರಿಸಿ, ಶಿಳ್ಳೆ ಹಾಕಿದಾಗ ಗಂಟೆಯ ಹಗ್ಗ ಹಿಡಿದು ವಾಪಸು ಏರಿ ಬರುವಂತೆ ಪಳಗಿಸಿರುತ್ತಾನೆ. ಹಾಲು ಹಾವಿನ ಆಹಾರವಲ್ಲ. ಅದಕ್ಕೆ ಹೊರಕಿವಿಯಿಲ್ಲ, ಶಿಳ್ಳೆಯಂಥ ಎತ್ತರದ ದನಿ ಕೇಳಿಸುವುದಿಲ್ಲ. ಕಥೆಯಲ್ಲಿ ಹೇಳಿದ 'ಸ್ವಾಂಪ್ ಆ್ಯಡರ್' ಎಂಬ ಹಾವೇ ಭಾರತದಲ್ಲಿಲ್ಲ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಮ್ಮ ಓದುಗರಿಗೆ ಹಾಲಿನ ಸಂಗತಿ ಅಷ್ಟೇನೂ ಖಟಕಲಿಕ್ಕಿಲ್ಲ ಅನ್ನಿ. ಆದರೂ ಡಾಯ್ಲ್ 1927ರಲ್ಲಿ ತನ್ನ ಮೆಚ್ಚಿನ ಹೋಮ್ಸ್ ಕಥೆಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. ಕತ್ತಲ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತ ಓದುಗ ಹಾವಿನ ಕಿವಿಯ ವಿಚಾರಣೆಗೆ ಹೋಗುವುದಿಲ್ಲ.

ಟೀವಿಯ ದೊಡ್ಡ ಸುಳ್ಳು ಇರುವುದು ಹಾವಿನಲ್ಲೂ ಅಲ್ಲ, ಭರತದಲ್ಲೂ ಅಲ್ಲ. ವೇಗದಲ್ಲಿ. 1998ರಿಂದ 2018ರವರೆಗೆ ಎಡೆಬಿಡದೆ ನಡೆದ ಹಿಂದಿಯ 'ಸಿಐಡಿ'ಯಲ್ಲಿ ಡಾಕ್ಟರ್ ಸಾಳುಂಖೆ ಪ್ರಯೋಗಾಲಯದಲ್ಲಿ ಕೊಳವೆ ಅಲ್ಲಾಡಿಸುವಷ್ಟರಲ್ಲಿ ವಿಷದ ಹೆಸರು ಹೊರಬರುತ್ತದೆ. ನಿಜವಾದ ವಿಧಿವಿಜ್ಞಾನ ಪ್ರಯೋಗಾಲಯದ ವರದಿಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು.

ನಿಜದ ಹುಡುಕಾಟ ಎಷ್ಟು ನಿಧಾನವೆಂಬುದು ಅಂಕೋಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಜುಲೈ 16ರಂದು ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಮರದ ದಿಮ್ಮಿ ಹೇರಿಕೊಂಡು ನಿಂತಿದ್ದ ಕೇರಳದ ಲಾರಿಯೊಂದು ಚಾಲಕನ ಸಮೇತ ಕಾಣೆಯಾಯಿತು. ಧಾರಾವಾಹಿಯಾಗಿದ್ದರೆ ಸುಳಿವುಗಳು ಸಾಕಷ್ಟಿದ್ದವು: ಲಾರಿಯಲ್ಲಿ ಜಿಪಿಎಸ್ ಇತ್ತು, ಚಾಲಕನ ಫೋನು ರಿಂಗಾಯಿತೆಂದು ಮನೆಯವರು ಹೇಳಿದ್ದರು. ಆ ಸುಳಿವು ಹಿಡಿದು ಮೊದಲು ರಸ್ತೆಯ ಮೇಲಿನ ಮಣ್ಣನ್ನೇ ಅಗೆದರು. ಲಾರಿ ಅಲ್ಲಿರಲಿಲ್ಲ. ಸೇನೆ, ನೌಕಾಪಡೆ, ಸೋನಾರ್, ಡ್ರೋನ್, ಮುಳುಗು ತಜ್ಞರು ಎಲ್ಲ ಬಂದರು. ಪಕ್ಕದ ಗಂಗಾವಳಿ ನದಿಯ ಸೆಳವು ಹುಡುಕಾಟಕ್ಕೆ ಬಿಡಲಿಲ್ಲ. ಕೊನೆಗೆ ಗೋವೆಯಿಂದ ಡ್ರೆಜ್ಜರ್ ತಂದು ಹೂಳು ತೆಗೆದು, ಸೆಪ್ಟೆಂಬರ್ 25ರಂದು ನದಿಯಿಂದ ಲಾರಿ ಎತ್ತಿದಾಗ ಚಾಲಕನ ದೇಹ ಕ್ಯಾಬಿನ್ನಿನಲ್ಲೇ ಇತ್ತು. ನಡುವೆ ಕಳೆದದ್ದು 71 ದಿನ. ಕಣ್ಣೆದುರಿನ ನದಿಯಲ್ಲಿ ಒಂದು ಇಡೀ ಲಾರಿ ಇಷ್ಟು ದಿನ ಸಿಗಲಿಲ್ಲವೆಂದು ಯಾರಾದರೂ ಚಿತ್ರಕಥೆಯಲ್ಲಿ ಬರೆದಿದ್ದರೆ, ಚಾನೆಲ್‌ನವರು ಅದನ್ನೇ ಕಥೆಯ ತೂತು ಎನ್ನುತ್ತಿದ್ದರು.

ಕನ್ನಡ ಕರಾವಳಿಯ ಟೀವಿ ನಿಗೂಢ ಕಥೆ ಎಂದರೆ ಇವತ್ತಿಗೂ ಮೊದಲು ನೆನಪಾಗುವುದು ದೂರದರ್ಶನದ 'ಗುಡ್ಡದ ಭೂತ'. ಅದರಲ್ಲಿ ನಟಿಸಿದ ಪ್ರಕಾಶ್ ರೈ ಆಗ ಹೊಸಬರು. ನಿರ್ದೇಶಕ ಸದಾನಂದ ಸುವರ್ಣ ತೀರಿಕೊಂಡದ್ದು ಶಿರೂರಿನ ಗುಡ್ಡ ಕುಸಿದ ಅದೇ ಜುಲೈ ತಿಂಗಳಲ್ಲಿ. ಬದುಕಿನಲ್ಲಿ ಇಂಥವು ನಡೆಯುತ್ತವೆ, ಏನನ್ನೂ ಸೂಚಿಸುವುದಿಲ್ಲ. ಕಥೆಯಲ್ಲಿ ಬರೆದರೆ ಮಾತ್ರ ಅದಕ್ಕೊಂದು ಅರ್ಥ ಹುಡುಕುತ್ತಾರೆ. ಆ ಧಾರಾವಾಹಿಗಿದ್ದ ಅನುಕೂಲವೆಂದರೆ ಕೆಲವೇ ಕಂತುಗಳ ಮಿತಿ. ಎಲ್ಲಿ ಮುಗಿಯಬೇಕೆಂದು ಗೊತ್ತಿರುವವನು ಶುರುವಿನಲ್ಲೇ ಗಂಟು ಸರಿಯಾಗಿ ಹಾಕಬಲ್ಲ. ವಾರಕ್ಕೆ ಐದಾರು ಕಂತಿನ ಇಂದಿನ ದೈನಿಕ ಧಾರಾವಾಹಿಗೆ ಆ ಭಾಗ್ಯವಿಲ್ಲ. ಗುರುವಾರದ ಟಿಆರ್‌ಪಿ ನೋಡಿ ಕಥೆ ತಿರುಗುತ್ತದೆ. ನಟನೊಬ್ಬ ಬಿಟ್ಟುಹೋದರೆ ಪಾತ್ರಕ್ಕೆ ಅಪಘಾತವಾಗುತ್ತದೆ. ಅವನು ಮರಳಿದರೆ ಸತ್ತವನೂ ಎದ್ದು ಬರುತ್ತಾನೆ. ಇಲ್ಲಿನ ತೂತುಗಳಿಗೆ ಬರಹಗಾರನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಬರಹಗಾರನನ್ನೇ ದೂರಬೇಕಾದ ತೂತು ಕೊನೆಯ ದೃಶ್ಯದಲ್ಲಿದೆ. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಪತ್ತೇದಾರ ಬೆರಳು ತೋರಿಸಿದೊಡನೆ ಕೊಲೆಗಾರ ಇನ್ಸ್‌ಪೆಕ್ಟರ್ ಎದುರು ಅತ್ತು ಒಪ್ಪಿಕೊಳ್ಳುವ ದೃಶ್ಯ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು ಎಂಬುದು ಬ್ರಿಟಿಷರ ಕಾಲದ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಲ್ಲೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಮಂಪರು ಪರೀಕ್ಷೆಯ ದಾರಿಯೂ ಸಲೀಸಲ್ಲ: ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಅದಕ್ಕೆ ಒಳಪಡಿಸಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲೇ ತೀರ್ಪಿತ್ತಿದೆ. ಕಾನೂನು ಒಂದು ಕಿಂಡಿ ಬಿಟ್ಟಿದೆ. ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದಲೇ ಚೂರಿ ಸಿಕ್ಕಿದರೆ, ಅದಕ್ಕೆ ನೇರವಾಗಿ ಸಂಬಂಧಿಸಿದಷ್ಟು ಮಾತನ್ನು ನ್ಯಾಯಾಲಯ ಪರಿಗಣಿಸಬಹುದು. ಕೇಣಿಯಲ್ಲಿ ಪತ್ತೇದಾರಿ ಕಥೆ ಹೂಡುವವರು ಆ ಚೂರಿಯನ್ನು ಹೊಯಿಗೆಯಲ್ಲಿ ಹೂತಿಡಲಿ, ಆರೋಪಿಯಿಂದಲೇ ಜಾಗ ಹೇಳಿಸಲಿ, ಅಗೆಯುವಾಗ ಪಂಚರನ್ನು ನಿಲ್ಲಿಸಲಿ. ಬರೀ ಕಣ್ಣೀರಿನ ತಪ್ಪೊಪ್ಪಿಗೆಯಿಂದ ಮುಗಿಯುವ ಪ್ರಕರಣ ಕಾರವಾರದ ಜಿಲ್ಲಾ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.